ಮೂವತ್ತೆರಡರ ಎಡಭುಜ

ನಮ್ಮ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಮೂವತ್ತೆರಡು. ಶಾಲೆಯ ಹುಡುಗಿಯರ ಅಂಗಿಗಳಲ್ಲಿ ಮೂವತ್ತೆರಡು ಅನ್ನುವುದು ಒಂದು ಅಳತೆ. ಎಂಟನೇ ತರಗತಿಯವರಿಗೆ ಸಾಮಾನ್ಯವಾಗಿ ಅದೇ ಆಗುತ್ತದೆ. ಅವಳಿಗೆ ಹದಿನಾರು ನಡೆಯುತ್ತಿತ್ತು. ಆದರೂ ಆ ಅಂಗಿ ಅವಳ ಮೈಮೇಲೆ ಎಷ್ಟು ಚೆನ್ನಾಗಿ ಕೂರುತ್ತಿತ್ತೆಂದರೆ, ಕಟಿಂಗ್ ಮಾಸ್ಟರ್ ರಟ್ಟಿನ ಅಚ್ಚು ಕತ್ತರಿಸುವ ಮುಂಚೆ ಅವಳನ್ನು ಮೇಜಿನ ಮೇಲೆ ಹತ್ತಿಸಿ ನಿಲ್ಲಿಸಿ, ಅವಳು ತೊಟ್ಟ ಬಟ್ಟೆಯ ಮೇಲೇ ಹೊಸ ಬಟ್ಟೆ ಹೊದಿಸಿ, ಗುಂಡುಸೂಜಿ ಚುಚ್ಚಿ ನೋಡುತ್ತಿದ್ದರು. ಕಾಗದದ ಮೇಲಿನ ಲೆಕ್ಕಕ್ಕೆ ಭುಜ ಇರುವುದಿಲ್ಲ ಅನ್ನುವುದು ಅವರ ಮಾತು. ಅವಳ ಅಳತೆಗೆ ಒಂದಿಷ್ಟು ಕೂಡಿಸಿದರೆ ಮೂವತ್ತನಾಲ್ಕು, ಒಂದಿಷ್ಟು ಕಳೆದರೆ ಮೂವತ್ತು. ಹೀಗೆ ಇಡೀ ಶಾಲೆ ಅವಳೊಬ್ಬಳಿಂದಲೇ ಹುಟ್ಟುತ್ತಿತ್ತು.

ಅಂಗಡಿ ಇದ್ದದ್ದು ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ. ಹನ್ನೊಂದು ಮಿಷನ್. ನಾನು ಕಿಟಕಿಯ ಪಕ್ಕದ ಕಾಜಾ ಮಿಷನ್‌ನಲ್ಲಿ, ಅಂದರೆ ಗುಂಡಿಯ ತೂತು ಹೊಲಿಯುವುದರಲ್ಲಿ. ಅವಳು ಎರಡು ಮಿಷನ್ ಆಚೆ, ಕಾಲರ್ ಕೂಡಿಸುವುದರಲ್ಲಿ. ಅದಕ್ಕೂ ಮುಂಚೆ ನಾವಿಬ್ಬರೂ ಒಂದೇ ತರಗತಿಯಲ್ಲಿದ್ದೆವು. ನಾನು ಅವಳ ಹಿಂದಿನ ಬೆಂಚು. ಆಗ ಅವಳ ಅಂಗಿಗಳು ದೊಡ್ಡಮ್ಮನ ಮಗಳಿಂದ ಇಳಿದು ಬರುತ್ತಿದ್ದವು. ಆ ಅಕ್ಕ ಮೈತುಂಬಿಕೊಂಡಿದ್ದವಳು. ಶಾಲೆಯಲ್ಲಿ ಇವಳ ಹೆಸರು ಹ್ಯಾಂಗರ್. ಅಂಗಿ ಮೊದಲು ಒಳಗೆ ಬರುತ್ತದೆ, ಹುಡುಗಿ ಆಮೇಲೆ ಬರುತ್ತಾಳೆ ಎಂದು ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ. ಒಂಬತ್ತನೇ ತರಗತಿಗೆ ಬರಲೇ ಇಲ್ಲ. ಮನೆಯಲ್ಲಿ ಕಷ್ಟ ಎಂದು ಎಲ್ಲರಿಗೂ ಹೇಳಿದಳು, ಅದು ನಿಜವೇ. ನನಗೆ ಮಾತ್ರ ಇನ್ನೊಂದನ್ನೂ ಹೇಳಿದ್ದಳು: ಆ ಅಂಗಿಯೊಳಗೆ ತಾನು ಎಲ್ಲಿದ್ದೇನೆ ಎಂದೇ ಗೊತ್ತಾಗುತ್ತಿರಲಿಲ್ಲವಂತೆ.

ಅಂಥವಳಿಗೆ ಇಲ್ಲಿ ಬಂದು ಮೇಜಿನ ಮೇಲೆ ನಿಂತಾಗ ಏನಾಗಿರಬೇಕು ಯೋಚಿಸಿ. ತನಗೆ ಯಾವ ಅಂಗಿಯೂ ಆಗುವುದಿಲ್ಲ ಎಂದುಕೊಂಡಿದ್ದವಳ ಮೇಲೆ ಈಗ ಊರಿನ ಅಂಗಿಗಳೆಲ್ಲ ತಯಾರಾಗುತ್ತಿದ್ದವು. ಅವಳಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೇಜಿನ ಮೇಲೂ ನಿಲ್ಲುತ್ತಿರಲಿಲ್ಲ. ಕುತ್ತಿಗೆಗೆ ಟೇಪು ತಾಕಿದರೆ ಸಾಕು, ಒಳಗಿನಿಂದ ನಗು ಉಕ್ಕಿ ಬರುತ್ತಿತ್ತು, ಗುಂಡುಸೂಜಿಗಳು ಉದುರುತ್ತಿದ್ದವು. ಅವಳು ನಕ್ಕರೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ನಿನ ಅಕ್ಕ ನಗುತ್ತಿದ್ದಳು, ಅಕ್ಕ ನಕ್ಕರೆ ಇಡೀ ಸಾಲು ನಗುತ್ತಿತ್ತು. ಮಾಸ್ಟರರ ಭಾವಮೈದನಿಗೆ ಇದು ಹಿಡಿಸುತ್ತಿರಲಿಲ್ಲ. ಬೊಂಬೆ ತರಿಸಿ ಭಾವ, ಬೊಂಬೆ ನಗುವುದಿಲ್ಲ, ಬೆಳೆಯುವುದೂ ಇಲ್ಲ ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಆ ಮಾತು ಕೇಳಿದಾಗ ಮಾತ್ರ ಅವಳು ತುಟಿ ಕಚ್ಚಿ ಕಂಬದ ಹಾಗೆ ನಿಲ್ಲುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ಮೇಜಿನ ಮೇಲಿನ ಜಾಗ.

ಆ ವರ್ಷ ಒಂದು ದೊಡ್ಡ ಶಾಲೆಯಿಂದ ಮುನ್ನೂರ ನಲವತ್ತು ಅಂಗಿಗಳ ಆರ್ಡರ್ ಬಂತು. ಬಿಳಿ ಅಂಗಿ, ಎಡಭುಜದಿಂದ ಬಲಸೊಂಟದವರೆಗೆ ಓರೆಯಾಗಿ ಒಂದು ನೀಲಿ ಪಟ್ಟಿ. ಸಾಮಾನ್ಯವಾಗಿ ಅಂಗಿಗೆ ಬಟ್ಟೆಯನ್ನು ಎರಡಾಗಿ ಮಡಚಿ ಕತ್ತರಿಸುತ್ತಾರೆ. ಎಡ ಬಲ ಒಂದೇ ಆಗಿ ಬರುತ್ತದೆ. ಈ ಪಟ್ಟಿಯ ದೆಸೆಯಿಂದ ಎಡದ ತುಂಡು ಬೇರೆ, ಬಲದ ತುಂಡು ಬೇರೆ ಆಯಿತು. ಮಾಸ್ಟರ್ ಎರಡನ್ನೂ ಅವಳ ಮೇಲೇ ಕೂರಿಸಿ, ಕೂದಲೆಳೆ ಹೆಚ್ಚುಕಡಿಮೆ ಇಲ್ಲದ ಹಾಗೆ ಬಳಪದ ಗೆರೆ ಎಳೆದರು. ಕನ್ನಡಿಯಲ್ಲಿ ನೋಡಿದಾಗ ಅಂಗಿ ಅವಳ ಜೊತೆಗೇ ಹುಟ್ಟಿದ ಹಾಗಿತ್ತು.

ಅಂಗಿಗಳು ಹೋದ ಮೇಲೆ ನಮ್ಮ ಊಟದ ಬಿಡುವೆಲ್ಲ ಆ ಶಾಲೆಯ ಗೇಟಿನ ಎದುರು ಕಳೆಯತೊಡಗಿತು. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಹುಡುಗಿಯರು ಹೊರಗೆ ನುಗ್ಗುತ್ತಿದ್ದರು. ಇವಳು, ಆ ಅಂಗಿ ತೊಟ್ಟವರೆಲ್ಲ ತಾನೇ ಎಂಬ ಹಾಗೆ, ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು.

"ಅಗೋ ನೋಡೇ, ನಾನು ಐಸ್‌ಕ್ರೀಮ್ ತಿಂತಿದ್ದೀನಿ. ಇಗೋ ಇಲ್ಲಿ ಕಾರು ಹತ್ತಿದೆ. ಅಯ್ಯೋ, ಅಲ್ಲಿ ಕೆಸರಲ್ಲಿ ಬಿದ್ದೆ."

ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಫುಟ್‌ಪಾತಿನ ಮೇಲೇ ಕೂತುಬಿಡುತ್ತಿದ್ದೆವು. ಎರಡು ಸಲ ಕೆಲಸಕ್ಕೆ ತಡವಾಗಿ ಬೈಸಿಕೊಂಡೆವು.

ಹತ್ತನೇ ದಿನವೋ ಹನ್ನೊಂದನೇ ದಿನವೋ ಆ ಶಾಲೆಯ ಪಿ.ಟಿ. ಮೇಡಂ ನಮ್ಮ ಮಹಡಿ ಹತ್ತಿ ಬಂದರು. ಜೊತೆಗೆ ಒಬ್ಬ ವಿದ್ಯಾರ್ಥಿನಿ, ಅದೇ ಅಂಗಿ ತೊಟ್ಟವಳು. ಮೇಡಂ ಅವರ ಗಂಟಲು ಕಟ್ಟಿಹೋಗಿತ್ತು. ವಾರವಿಡೀ ಪ್ರಾರ್ಥನೆಯ ಸಾಲಿನಲ್ಲಿ ನೆಟ್ಟಗೆ ನಿಲ್ಲಿ, ನೆಟ್ಟಗೆ ನಿಲ್ಲಿ ಎಂದು ಕೂಗಿದ್ದರಂತೆ. ಯಾರನ್ನು ನೋಡಿದರೂ ಒಂದು ಕಡೆ ವಾಲಿದ ಹಾಗೆ ಕಾಣುತ್ತಿತ್ತಂತೆ. ಮೊದಲು ಮಕ್ಕಳ ಮೇಲೆ ಅನುಮಾನ, ಆಮೇಲೆ ಅಂಗಳದ ಮೇಲೆ, ಕೊನೆಗೆ ತಮ್ಮ ಕಣ್ಣಿನ ಮೇಲೆ. ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದರು. ಕಡೆಗೆ ತರಗತಿಯ ಫೋಟೋ ಬಂದಾಗ ತಪ್ಪು ಅಂಗಿಯದು ಎಂದು ಗೊತ್ತಾಯಿತು. ಅವರು ಅದನ್ನು ಮೇಜಿನ ಮೇಲಿಟ್ಟರು. ನಲವತ್ತು ಹುಡುಗಿಯರು ಹಡಗಿನಲ್ಲಿ ನಿಂತ ಹಾಗೆ ಎಡಕ್ಕೆ ವಾಲಿದ್ದರು. ಓವರ್‌ಲಾಕ್ ಅಕ್ಕ ಬಾಯಿಗೆ ಬಟ್ಟೆ ತುರುಕಿಕೊಂಡಳು.

ಮಾಸ್ಟರ್ ನಗಲಿಲ್ಲ. ನನ್ನ ಕತ್ತರಿ ತಪ್ಪುವುದಿಲ್ಲ ಎಂದರು. ಮೇಡಂ ಜೊತೆಗೆ ತಂದಿದ್ದ ಅಂಗಿಯೊಂದನ್ನು ಹರಡಿ ಟೇಪು ಹಿಡಿದರು. ಎಡಭುಜ ಬಲಕ್ಕಿಂತ ಅರ್ಧ ಇಂಚು ಕೆಳಗಿತ್ತು. ಮತ್ತೆ ಅಳೆದರು, ಮತ್ತೆ ಅರ್ಧ ಇಂಚು. ಆಗ ಮೂವತ್ತೆರಡನ್ನು ಕರೆದು ಅದೇ ಅಂಗಿ ಹಾಕಿಕೊಳ್ಳಲು ಹೇಳಿದರು. ಅವಳ ಮೇಲೆ ಒಂದು ಸುಕ್ಕೂ ಇರಲಿಲ್ಲ. ಪಕ್ಕದಲ್ಲೇ ನಿಂತ ವಿದ್ಯಾರ್ಥಿನಿಯ ಮೇಲೆ ಅಂಥದೇ ಅಂಗಿ ಕತ್ತಿನ ಹತ್ತಿರ ಮುದುಡಿಕೊಂಡಿತ್ತು. ಮಿಷನ್‌ಗಳು ಒಂದೊಂದಾಗಿ ನಿಂತವು. ಎಲ್ಲರೂ ಅವಳ ಭುಜ ನೋಡುತ್ತಿದ್ದೆವು. ಇಷ್ಟು ವರ್ಷ ಜೊತೆಗಿದ್ದ ನಾನೂ ಅವತ್ತೇ ಮೊದಲು ನೋಡಿದ್ದು.

"ನಾನು ಹೇಳಲಿಲ್ವಾ ಭಾವ, ಬೊಂಬೆ ತರಿಸಿ ಅಂತ" ಎಂದ ಭಾವಮೈದ.

ಅವಳ ಮುಖ ಆ ಅಂಗಿಗಿಂತ ಬೆಳ್ಳಗಾಯಿತು. ಇನ್ನು ಇವಳನ್ನು ನಾಳೆಯಿಂದ ನಾವು ನೋಡುವುದಿಲ್ಲ ಅಂದುಕೊಂಡೆ.

ಮೇಡಂ ಕೆಟ್ಟವರಲ್ಲ. ಏನಮ್ಮ, ಬಿದ್ದು ಪೆಟ್ಟು ಮಾಡಿಕೊಂಡಿದ್ದೆಯಾ ಎಂದು ಮೆತ್ತಗೆ ಕೇಳಿದರು. ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಹೇಗೆ ಹೇಳುವುದೆಂದು ತೋಚದೆ ಮೂಲೆಗೆ ಹೋಗಿ, ನಾವು ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಕ್ಯಾನು ಎಡಗೈಯಲ್ಲಿ ಎತ್ತಿದಳು. ಅವಳ ಮನೆ ಮೂರನೇ ಮಹಡಿಯಲ್ಲಿ, ನೀರಿನ ನಲ್ಲಿ ಕೆಳಗೆ ಬೀದಿಯಲ್ಲಿ. ಮೆಟ್ಟಿಲು ಕಡಿದಾದ್ದರಿಂದ ಬಲಗೈಯಲ್ಲಿ ಕಂಬಿ ಹಿಡಿಯಲೇಬೇಕು, ಹಾಗಾಗಿ ಕ್ಯಾನು ಯಾವಾಗಲೂ ಎಡಗೈಗೆ. ಎಂಟನೇ ವಯಸ್ಸಿನಿಂದ, ದಿನಕ್ಕೆ ಆರು ಸಲ. ಇಷ್ಟನ್ನೂ ಅವಳು ನೆಲ ನೋಡಿಕೊಂಡು ಹೇಳಿದಳು.

ಆಗ ಆ ವಿದ್ಯಾರ್ಥಿನಿ ಮುಂದೆ ಬಂದು, ಎಲ್ಲಿ ಕೊಡಿ ನೋಡೋಣ ಎಂದು ತಾನೂ ಕ್ಯಾನು ಎತ್ತಿದಳು. ಎರಡು ಹೆಜ್ಜೆ ಇಟ್ಟಳು. ಎಡಭುಜ ಕೆಳಗಿಳಿಯಿತು, ಕತ್ತಿನ ಸುಕ್ಕು ಮಾಯವಾಯಿತು, ನೀಲಿ ಪಟ್ಟಿ ಗೆರೆ ಎಳೆದ ಹಾಗೆ ನೆಟ್ಟಗಾಯಿತು.

"ಮೇಡಂ, ಸರಿಯಾಯ್ತು ನೋಡಿ" ಎಂದಳು ಏದುಸಿರು ಬಿಡುತ್ತ. "ಎಲ್ರಿಗೂ ಒಂದೊಂದು ಕ್ಯಾನು ಕೊಟ್ಟುಬಿಡಿ."

ಮೊದಲು ಮೂವತ್ತೆರಡರ ಗಂಟಲಿನಿಂದ ಬಿಕ್ಕಳಿಕೆಯ ಹಾಗೊಂದು ಸದ್ದು ಬಂತು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಮುನ್ನೂರ ನಲವತ್ತು ಹುಡುಗಿಯರು ಕ್ಯಾನು ಹಿಡಿದು ಪ್ರಾರ್ಥನೆಗೆ ನಿಂತದ್ದು ಎಲ್ಲರ ಕಣ್ಣಿಗೂ ಕಟ್ಟಿರಬೇಕು. ಓವರ್‌ಲಾಕ್ ಅಕ್ಕ ಸ್ಟೂಲಿನಿಂದ ಜಾರಿದಳು. ಮೇಡಂ ಕೂಡ ಕಟ್ಟಿದ ಗಂಟಲಿನಲ್ಲೇ ಬಾತುಕೋಳಿಯ ಹಾಗೆ ನಗುತ್ತಿದ್ದರು. ಆ ಹುಡುಗಿ ಕ್ಯಾನು ಕೆಳಗಿಡಲಾಗದೆ, ಹಿಡಿದುಕೊಳ್ಳಲೂ ಆಗದೆ, ಅರ್ಧ ನೀರು ನನ್ನ ಕಾಲ ಮೇಲೆ ಚೆಲ್ಲಿದಳು.

ನಗು ಇಳಿದ ಮೇಲೆ ಮಾಸ್ಟರ್ ಕುರ್ಚಿಯಲ್ಲಿ ಕುಸಿದರು. ತಪ್ಪು ಎಲ್ಲ ಅಳತೆಗಳಿಗೂ ಹರಡಿತ್ತು. ಮತ್ತೆ ಯಾರ ಮೇಲೆ ಅಚ್ಚು ಮಾಡುವುದು ಎಂದು ತಲೆ ಕೆರೆದುಕೊಂಡರು. ಅವಳು ಕಣ್ಣೊರೆಸಿಕೊಂಡು ಯಾರೂ ಹೇಳದೆ ತಾನಾಗಿ ಮೇಜು ಹತ್ತಿದಳು. ಅವಳು ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

"ನನ್ನ ಬಲಗಡೆ ಸರಿಯಾಗಿದೆಯಲ್ಲ ಮಾಸ್ಟ್ರೇ. ಅದನ್ನೇ ತಿರುವಿ ಹಾಕಿ ಎರಡು ಮಾಡ್ಕೊಳ್ಳಿ."

ಮಾಸ್ಟರ್ ಬಳಪ ಕೈಗೆತ್ತಿಕೊಂಡರು. ಹೊಲಿಗೆಯ ಒಳಗೆ ಮುಕ್ಕಾಲು ಇಂಚು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದರಿಂದ ಬದುಕಿಕೊಂಡೆವು. ಶಾಲೆಯಿಂದ ವಾಪಸು ಬಂದ ಅಂಗಿಗಳ ಹೊಲಿಗೆಯನ್ನು ಎರಡು ವಾರ ಬಿಚ್ಚಿ ಮತ್ತೆ ಹೊಲಿದೆವು. ಬಿಚ್ಚಿದ ದಾರ ನಮ್ಮ ಕೂದಲಲ್ಲಿ, ಊಟದಲ್ಲಿ, ಕಿವಿಯಲ್ಲಿ. ಯಾರಾದರೂ ಬಾಟಲಿ ಎತ್ತಿ ನೀರು ಕುಡಿದರೂ ಸಾಕು, ಸಾಲು ಪೂರ್ತಿ ನಗುತ್ತಿತ್ತು.

ಆದರೂ ಬೊಂಬೆ ಬಂತು. ಭಾವಮೈದನೇ ಹೆಗಲ ಮೇಲೆ ಹೊತ್ತು ತಂದು ಮೇಜಿನ ಮೇಲೆ ನಿಲ್ಲಿಸಿದ. ತಲೆ ಇಲ್ಲ, ಕೈ ಇಲ್ಲ. ಎರಡೂ ಭುಜ ಸಮ. ಅವಳು ಅವತ್ತು ಕಾಲರ್‌ನಿಂದ ತಲೆ ಎತ್ತಲಿಲ್ಲ. ನಾನೊಂದು ತಮಾಷೆ ಹೇಳಿದೆ, ಅವಳು ನಗಲಿಲ್ಲ. ಎರಡನೆಯದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ರಿಪೇರಿಯಾದ ಅಂಗಿಗಳನ್ನು ಒಯ್ಯಲು ಮೇಡಂ ಬಂದರು. ಮಾಸ್ಟರ್ ಒಂದು ವಿಷಯ ಕೇಳಿದರು: ಇಲ್ಲಿಗೆ ಬಂದದ್ದು ಮುನ್ನೂರ ಇಪ್ಪತ್ತೊಂಬತ್ತೇ, ಉಳಿದವು ಎಲ್ಲಿ?

"ಹನ್ನೊಂದು ಜನ ಕೊಡ್ಲಿಲ್ಲ" ಎಂದರು ಮೇಡಂ. "ನಮ್ಮದು ಸರಿಯಾಗೇ ಇದೆ ಅಂದ್ರು. ನಾನೂ ನಿಲ್ಲಿಸಿ ನೋಡಿದೆ. ನಿಜವಾಗ್ಲೂ ಸರಿಯಾಗಿದೆ."

ಅವರು ಫೀಸಿಲ್ಲದ ಸೀಟಿನಲ್ಲಿ ಓದುವವರಂತೆ, ನಮ್ಮ ಕಡೆಯ ಓಣಿಗಳಿಂದಲೇ, ಬೆಳಗ್ಗೆ ಮನೆಗೆ ನೀರು ಹೊತ್ತಿಟ್ಟು ಮೊದಲ ಬಸ್ಸಿಗೆ ಹೋಗುವವರು. ಮೂವತ್ತೆರಡು ತನ್ನ ಮಿಷನ್‌ನ ಪೆಡಲಿನಿಂದ ಪಾದ ತೆಗೆದಳು. ಹನ್ನೊಂದಾ ಎಂದು ಕೇಳಿದಳು. ಮೇಡಂ ಹೌದು ಎಂದರು. ಅವಳು ಮತ್ತೊಮ್ಮೆ ಹನ್ನೊಂದಾ ಎಂದು ಕೇಳಿದಳು. ಆಮೇಲೆ ಎದ್ದುಬಂದು, ಕಾರಣವೇ ಹೇಳದೆ, ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ನನ್ನ ಚಪ್ಪಲಿ ಹಾರಿ ಬೊಂಬೆಗೆ ಬಡಿಯಿತು. ಯಾರೂ ಬೈಯಲಿಲ್ಲ. ಮಾಸ್ಟರ್ ಮಾತ್ರ ಕನ್ನಡಕ ತೆಗೆದು ಬೊಂಬೆಯನ್ನು ಬಹಳ ಹೊತ್ತು ನೋಡಿದರು.

ಮುಂದಿನ ಆರ್ಡರ್ ಒಂದು ಬಡ ಶಾಲೆಯದು, ನೂರಾ ಎಂಟು ಅಂಗಿ. ಮಾಸ್ಟರ್ ಬೊಂಬೆಗೆ ಬಟ್ಟೆ ಹೊದಿಸಿದರು, ತೆಗೆದರು, ಮತ್ತೆ ಹೊದಿಸಿದರು. ಮಕ್ಕಳು ಹೀಗೆ ನಿಲ್ಲುವುದಿಲ್ಲ ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡು, ತಮ್ಮ ಕತ್ತಿನ ಟೇಪು ತೆಗೆದು ಅವಳ ಕೊರಳಿಗೆ ಹಾಕಿದರು. ಹೋಗಿ ಒಬ್ಬೊಬ್ಬರನ್ನೇ ಅಳೆದುಕೊಂಡು ಬಾ ಎಂದರು. ಬರೆದುಕೊಳ್ಳಲು ನನ್ನನ್ನೂ ಕಳಿಸಿದರು.

ಶಾಲೆಯ ಪಡಸಾಲೆಯಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಮೊದಲನೆಯವಳು ಟೇಪು ಕಂಡ ಕೂಡಲೇ ಎದೆ ಸೆಟೆಸಿ, ಗದ್ದ ಎತ್ತಿ, ಎರಡೂ ಭುಜ ಸಮ ಮಾಡಿಕೊಂಡು ಸಿಪಾಯಿಯ ಹಾಗೆ ನಿಂತಳು. ಮೂವತ್ತೆರಡು ಅಳೆಯಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತ, ನಿಮ್ಮ ಹೆಡ್‌ಮೇಡಂ ಗೊರಕೆ ಹೊಡೆಯುತ್ತಾರಂತೆ, ನಿಜವಾ ಎಂದು ಕೇಳಿದಳು. ಹುಡುಗಿ ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಫಕ್ಕನೆ ನಕ್ಕಳು. ಬಿಗಿದ ಮೈ ಸಡಿಲವಾಗಿ ಒಂದು ಭುಜ ಮೆಲ್ಲಗೆ ತನ್ನ ಜಾಗಕ್ಕೆ ಇಳಿಯಿತು.

"ಹಾಂ, ಹಾಗೇ ಇರು" ಎಂದು ಅವಳು ಟೇಪು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು, "ಎಡಗಡೆ ಬೇರೆ, ಬಲಗಡೆ ಬೇರೆ ಬರ್ಕೋ."