ಬಯೋದಲ್ಲಿ ಬರೆಯದೆ ಬಿಟ್ಟ ಹೆಸರು

ಬಯೋ ಅಂದರೆ ನೂರೈವತ್ತು ಅಕ್ಷರ, ಅದರ ಮೇಲೆ ಒಂದೂ ಹಿಡಿಯುವುದಿಲ್ಲ ಎಂದು ಮೊಮ್ಮಗಳು ಹೇಳಿದಾಗ ನಾನು ನಕ್ಕಿದ್ದೆ. ಎಪ್ಪತ್ಮೂರು ವರ್ಷದ ನನ್ನ ಬದುಕಿಗೆ ಅಷ್ಟು ಜಾಗ ಧಾರಾಳವಾಯಿತು, ಉಳಿದದ್ದನ್ನು ಬೇರೆ ಯಾರಿಗಾದರೂ ಕೊಡು ಎಂದೆ.

ಅವಳ ಕೆಲಸವೇ ಅದು. ಹೋಟೆಲು, ಬ್ಯೂಟಿ ಪಾರ್ಲರು, ಹಲ್ಲಿನ ಡಾಕ್ಟರು, ಇಂಥವರ ಸೋಶಿಯಲ್ ಮೀಡಿಯಾ ಪೇಜು ನೋಡಿಕೊಳ್ಳುವ ಸಣ್ಣ ಆಫೀಸೊಂದರಲ್ಲಿ ಇದ್ದಾಳೆ. ವಾರಕ್ಕೆ ಮೂರು ದಿನ ಪುಣೆಯ ವಾಕಡದ ನಮ್ಮ ಫ್ಲ್ಯಾಟಿನ ಡೈನಿಂಗ್ ಟೇಬಲ್ಲೇ ಅವಳ ಆಫೀಸು. ನಾನು ಒಂದು ತುದಿಯಲ್ಲಿ ಸೊಪ್ಪು ಸೋಸುತ್ತಾ ಕೂತರೆ ಇನ್ನೊಂದು ತುದಿಯಲ್ಲಿ ಅವಳು ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರಿಗೆ ಫೋನಿನಲ್ಲಿ ಪಾಠ ಮಾಡುತ್ತಿರುತ್ತಾಳೆ: "ಅಂಕಲ್, ನಿಮ್ಮ ಅಜ್ಜನ ಕಥೆ ಬಯೋದಲ್ಲಿ ಬೇಡ. ದೋಸೆ ಎಷ್ಟು ಗಂಟೆಗೆ ಸಿಗ್ತದೆ, ಅಷ್ಟು ಬರೀರಿ."

ನನಗೂ ಒಂದು ಪ್ರೊಫೈಲ್ ಮಾಡಿಕೊಡು ಎಂದು ಕೇಳಿದ ದಿನ ಅವಳು ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿ ಕೂತಳು.

"ಅಜ್ಜಿ, ಬಯೋ ಅಂದ್ರ ಅಂಗಡಿ ಬೋರ್ಡ್ ಇದ್ದಂಗ. ಗಾಡಿ ಮ್ಯಾಲ ಹೋಗಾವ ಹೋಗ್ತಾ ಹೋಗ್ತಾನ ಓದಬೇಕು. ನೀ ಯಾರು, ಏನ್ ಮಾಡ್ತಿ, ನಿನ್ನ ಪೇಜಿಗೆ ಮಂದಿ ಯಾಕ ಬರಬೇಕು. ಖತಮ್."

"ಮಂದಿ ಬರೂದ ಬ್ಯಾಡ. ಒಬ್ಬಾಕಿ ಬಂದ್ರ ಸಾಕು."

"ಯಾರದು? ಹಳೇ ಬಾಯ್‌ಫ್ರೆಂಡಾ?"

"ಒಬ್ಬಾಕಿ ಅಂದೆ."

"ಇಟ್ಸ್ ಓಕೆ ಅಜ್ಜಿ. ಐ ಡೋಂಟ್ ಜಡ್ಜ್."

ಕೈಯಲ್ಲಿದ್ದ ಮೆಂತ್ಯದ ಕಡ್ಡಿಯಿಂದಲೇ ಅವಳಿಗೊಂದು ಕೊಟ್ಟೆ. ಆಮೇಲೆ ಹೇಳಿದೆ.

ಬೆಳಗಾವಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಏಳು ವರ್ಷ ನನ್ನ ಪಕ್ಕದ ಮಂಚ ಅವಳದು. ಭೋರ್ ಊರಿನ ಮರಾಠಿ ಹುಡುಗಿ. ನಾನು ಧಾರವಾಡದವಳು. ಅಲ್ಲಿ ಮನೆಮಾತು ಬಾಯಿಂದ ಬಿದ್ದರೆ ಇಂಪೊಸಿಷನ್: ಐ ಶಲ್ ನಾಟ್ ಸ್ಪೀಕ್ ಇನ್ ದ ವರ್ನ್ಯಾಕ್ಯುಲರ್, ನೂರು ಸಲ. ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ಪ್ರತಿ ವಾರ ಶಿಕ್ಷೆ. ಐವತ್ತು ಸಾಲು ನಾನು ಬರೆದರೆ ಐವತ್ತು ಅವಳು ಬರೆಯುತ್ತಿದ್ದಳು. ಸಿಸ್ಟರಿಗೆ ಗೊತ್ತಾಗದಿರಲೆಂದು ನನ್ನ ಅಕ್ಷರವನ್ನೇ ಕಲಿತಳು. ಹೈಸ್ಕೂಲು ಮುಗಿಯುವ ಹೊತ್ತಿಗೆ ಅವಳಿಗೆ ಬೇರೆ ಅಕ್ಷರವೇ ಉಳಿದಿರಲಿಲ್ಲ. ಅವಳು ಬರೆದದ್ದು ಯಾವುದು, ನಾನು ಬರೆದದ್ದು ಯಾವುದು ಎಂದು ನಮಗೇ ತಿಳಿಯುತ್ತಿರಲಿಲ್ಲ.

"ಸೋ ಸ್ವೀಟ್," ಎಂದಳು ಮೊಮ್ಮಗಳು. "ಆಮ್ಯಾಲ ಏನಾತು?"

"ಮದುವಿ ಆತು."

ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೇಳಬೇಕಿತ್ತು.

ನನ್ನ ಬಗ್ಗೆ ಮೊದಲ ಬಯೋ ಬರೆದವರು ನನ್ನ ತಂದೆ. ಆಗ ಅದಕ್ಕೆ ಬಯೋಡೇಟಾ ಎನ್ನುತ್ತಿದ್ದರು. ಕಾನ್ವೆಂಟ್ ಎಜುಕೇಟೆಡ್, ವ್ಹೀಟಿಶ್, ಹೋಮ್ಲಿ. ಹೊಲಿಗೆ ಗೊತ್ತು. ಸಿಟ್ಟು ಗೊತ್ತಿಲ್ಲ. ತುಂಬಾ ಎಫೆಕ್ಟಿವ್ ಬಯೋ ಅದು, ಮೂರನೆಯ ವಾರಕ್ಕೇ ಪುಣೆಯಿಂದ ಬೀಗರು ಬಂದರು. ಧಾರವಾಡ ಬಿಟ್ಟು ಪುಣೆಯಲ್ಲಿ ನೆಲೆ ನಿಂತು ಎರಡು ತಲೆಮಾರಾಗಿದ್ದ ಕನ್ನಡದ ಮನೆ. ಕಾನ್ವೆಂಟಿನ ನನ್ನ ಇಂಗ್ಲಿಷು ಆ ಮನೆಯಲ್ಲಿ ಮಾವನವರ ಔಷಧಿ ಬಾಟಲಿಯ ಮೇಲಿನ ಚೀಟಿ ಓದಲು ಉಪಯೋಗವಾಯಿತು.

ಮೊಮ್ಮಗಳು ಬರೆದ ಎರಡನೆಯ ಬಯೋದಲ್ಲಿ ನಾನು ಪುಣೆಯ ಅಜ್ಜಿ, ಬೆಳಗಾವಿಯ ಕಾನ್ವೆಂಟ್ ಗರ್ಲ್, ಹೋಳಿಗೆ ಮತ್ತು ಕ್ರಾಸ್‌ವರ್ಡ್ ಪ್ರೇಮಿ. ಕೊನೆಗೊಂದು ಕಾಫಿ ಲೋಟದ ಚಿತ್ರ. ನಾನು ಕುಡಿಯುವುದು ಚಹಾ. ಕಾಫಿ ಹೆಚ್ಚು ಛಂದ ಕಾಣುತ್ತದೆಯಂತೆ.

"ಇದು ಎಲ್ಲಾ ಡೆಕೊರೇಶನ್ ಅಜ್ಜಿ," ಎಂದಳು. "ಹುಡುಕೋರಿಗೆ ಮೊದಲ ಕಾಣೂದು ಹೆಸರು. ಬಯೋ ಎಷ್ಟ ಭಾರೀ ಇದ್ರೂ ಹೆಸರು ತಪ್ಪಿದ್ರ ಯಾರಿಗೂ ಸಿಗಂಗಿಲ್ಲ. ಹೆಸರು ಇದ್ದದ್ದ ಹಾಕ್ಲಿ ಅಲಾ?"

"ಮತ್ತಿನ್ನೇನ್ ಹಾಕ್ತಿ," ಎಂದೆ.

ಆಕೆ ಆಧಾರ್ ಕಾರ್ಡಿನಲ್ಲಿರುವ ಹೆಸರು ಟೈಪ್ ಮಾಡಿದಳು. ನಾನು ನೋಡುತ್ತಾ ಕೂತಿದ್ದೆ. ಸರಿಯಾಗಿದೆಯಾ ಎಂದು ಕನ್ನಡಕ ಹಾಕಿಕೊಂಡು ಪರೀಕ್ಷೆಯನ್ನೂ ಮಾಡಿದೆ.

ಎಂಟು ತಿಂಗಳು ಹೋಯಿತು. ನನ್ನ ಪೇಜಿಗೆ ಬಂದವರೆಂದರೆ ಸೊಸೆಯ ಕಿಟಿ ಪಾರ್ಟಿಯವರು, ಮೊಣಕಾಲು ನೋವಿನ ಎಣ್ಣೆ ಮಾರುವವನೊಬ್ಬ, ನಾನು ಬ್ಯೂಟಿಫುಲ್ ಎಂದು ದಿನವೂ ಬರೆಯುವ ಯಾವುದೋ ದೇಶದ ಸೈನಿಕ. ಗೆಳತಿಯ ಹೆಸರನ್ನು ನಾನೂ ಹುಡುಕಿದೆ. ಆ ಹೆಸರಿನ ಹೆಂಗಸರು ಮುಂಬೈಯಲ್ಲಿದ್ದರು, ನಾಗಪುರದಲ್ಲಿದ್ದರು, ಎಲ್ಲರೂ ಮೂವತ್ತರ ಒಳಗಿನವರು.

ಆಮೇಲೆ ನಮ್ಮ ಹತ್ತಿರದ ಬಳಗದಲ್ಲೊಂದು ಮದುವೆಯಾಯಿತು. ಗಂಡನ ಮನೆಯವರು ಹೊಸ ಹೆಸರಿಡುವ ರೂಢಿಗೆ ಒಪ್ಪದೆ ಮದುಮಗಳು ಹೆಸರು ಬದಲಿಸುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದಳು. ಹಿರಿಯರು ಸುಮ್ಮನಿರಲಾರದೆ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಗೆ ಉಂಗುರ ಕೊಟ್ಟು, ಅವಳ ಹಳೆಯ ಹೆಸರನ್ನೇ ಹೊಸದಾಗಿ ಬರೆಸಿದರು. ಎಲ್ಲರೂ ನಕ್ಕು ಪೇಢೆ ತಿಂದರು. ಮನೆಗೆ ಬರುವಾಗ ಕಾರಿನಲ್ಲಿ ಮೊಮ್ಮಗಳು ಕೇಳಿದಳು.

"ಅಜ್ಜಿ, ನಿನ್ನ ಹೆಸರೂ ಅಕ್ಕಿ ಮ್ಯಾಲ ಬರದಿದ್ರೇನು?"

"ಬರದಿದ್ರು."

"ಮತ್ತ ಮೊದಲ ಏನಿತ್ತು?"

ಹೇಳಿದೆ. ನನ್ನ ಬಾಯಿಂದ ಆ ಹೆಸರು ಬಂದು ಎಷ್ಟು ವರ್ಷವಾಗಿತ್ತೋ. ಬೇರೆ ಯಾರನ್ನೋ ಕರೆದ ಹಾಗಾಯಿತು. ಅವಳು ಫೋನು ತೊಡೆಯ ಮೇಲೆ ಇಟ್ಟಳು.

"ನಿನ್ನ ಫ್ರೆಂಡಿಗೆ ಗೊತ್ತಿದ್ದದ್ದು ಆ ಹೆಸರಾ? ಅಜ್ಜಿ! ಎಂಟ್ ತಿಂಗಳಾತು! ಆಕಿ ಇಡೀ ದಿನ ಕೂತು ಹುಡುಕಿದ್ರೂ ನೀ ಸಿಗೂ ಹಂಗಿಲ್ಲಲ್ಲ!"

ಮರೆತೆ ಎಂದೆ. ಅದು ನಿಜವಲ್ಲ.

ಮದುವೆಯ ದಿನ ನನ್ನವರು ಅಕ್ಕಿಯಲ್ಲಿ ಬರೆದ ಹೆಸರು ಅತ್ತೆಯವರು ಆರಿಸಿದ್ದು. ಆ ವರ್ಷದ ಅರಿಷಿಣ ಕುಂಕುಮಕ್ಕೆ ತವರಿನ ಕಡೆಯ ಚಿಕ್ಕಮ್ಮ ಒಬ್ಬರು ಬಂದು ರೂಢಿಯಂತೆ ಹಳೆಯ ಹೆಸರಿನಿಂದ ಕರೆದರು. ಅತ್ತೆಯವರು ನಗುತ್ತಲೇ ಹೇಳಿದರು: "ಆ ಹೆಸರು ತವರಿನ ಹೊಸ್ತಿಲದಾಗ ಬಿಟ್ಟು ಬಂದಾಳ್ರಿ. ಈಗ ಕರದ್ರ ಓ ಅನ್ನಂಗಿಲ್ಲ." ನಾನೂ ನಕ್ಕೆ. ಸಿಟ್ಟು ಗೊತ್ತಿಲ್ಲದ ಹುಡುಗಿ.

ಅದಾಗಿ ವಾರ ಕಳೆದಿರಬೇಕು. ಪೋಸ್ಟ್‌ಮನ್ ಬಂದ. ನಾನು ನಡುಮನೆಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದೆ. ಅತ್ತೆಯವರು ಕಾಗದವನ್ನು ದೂರ ಹಿಡಿದು ನೋಡಿದರು. ಹಳೆಯ ಹೆಸರು, ಕೇರ್ ಆಫ್ ಮಾವನವರು, ಮನೆ ನಂಬರು, ಪೇಠೆ, ಎಲ್ಲ ಸರಿ.

"ಈ ಹೆಸರಿನವ್ರು ನಮ್ಮನ್ಯಾಗ ಯಾರೂ ಇಲ್ಲಲ್ಲ," ಎಂದರು. ಅವರಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ನನ್ನ ಕಡೆ ತಿರುಗಿ ಕೇಳಿದರು, "ನಿನ್ನ ಪೈಕಿ ಯಾರರ ಇದ್ದಾರೇನ?"

ಲಕೋಟೆಯ ಮೇಲಿನ ಅಕ್ಷರ ನನಗೆ ಅಷ್ಟು ದೂರದಿಂದ ಕಂಡಿತು. ಅದು ನನ್ನದೇ ಅಕ್ಷರ.

"ಇಲ್ರಿ," ಎಂದೆ.

ಪೋಸ್ಟ್‌ಮನ್ ಒಳ್ಳೆಯ ಮನುಷ್ಯ. ವಯಸ್ಸಾದವನು. ವಿಳಾಸ ಸರಿ ಇದೆಯಲ್ಲ ಎಂದು ಇನ್ನೊಮ್ಮೆ ಓದಿದ. ನನ್ನ ಕಡೆ ನೋಡಿ ಮರಾಠಿಯಲ್ಲಿ, ಅತ್ತಿಗೆಯನ್ನು ಕರೆಯುವ ಹಾಗೆ, "ವಹಿನಿ, ನಿಮ್ಮದಲ್ಲ ತಾನೆ?" ಎಂದ. ನಾನು ತಲೆಯಾಡಿಸಿದೆ. ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಲಕೋಟೆಯ ಮೇಲೆ ಏನೋ ಗೀಚಿ ಹೊರಟ. ಆ ವರ್ಷ ಇನ್ನೂ ಎರಡು ಬಂದವು. ಮೂರನೆಯದಕ್ಕೆ ಅತ್ತೆಯವರು ನನ್ನನ್ನು ಕೇಳಲೂ ಇಲ್ಲ. ನಾನು ಒಳಗಿನಿಂದ ಕೇಳಿಸಿಕೊಂಡೆ.

ಆಮೇಲೆ ಅತ್ತೆಯವರು ಮೆತ್ತಗಾದರು, ನನಗೂ ಧೈರ್ಯ ಬಂತು, ಭೋರಿನ ಅವಳ ತವರುಮನೆಗೆ ಒಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ಅವರು ಆ ಮನೆ ಬಿಟ್ಟಿದ್ದಿರಬಹುದು. ಅವಳಿಗೂ ಮದುವೆಯಾಗಿರಬಹುದು, ಅವಳಿಗೂ ಯಾವುದೋ ತಟ್ಟೆಯ ಅಕ್ಕಿಯಲ್ಲಿ ಯಾವುದೋ ಹೆಸರು ಬರೆದಿರಬಹುದು. ಇಷ್ಟೆಲ್ಲ ಯೋಚಿಸಿದವಳು ನಾನು. ಆದರೂ ಪ್ರೊಫೈಲಿನಲ್ಲಿ ಆ ಹೊಸ ಹೆಸರೇ ಇರಲಿ ಎಂದೆ. ಯಾಕೆ? ಹಳೆಯ ಹೆಸರು ಹಾಕಿದರೆ ಅವಳಿಗೆ ಸಿಗುವವಳು ಕಾಗದ ತಿರುಗಿ ಕಳಿಸಿದವಳು. ಅವಳು ನನ್ನನ್ನು ಹುಡುಕಲಿ ಎಂಬ ಆಸೆ ಇತ್ತು. ಸಿಕ್ಕಿಬೀಳುವ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು.

ಕಾರು ಮನೆ ಮುಟ್ಟುವ ಮೊದಲೇ ಮೊಮ್ಮಗಳು ಹೊಸ ಹೆಸರಿನ ಮುಂದೆ ಹಳೆಯದನ್ನೂ ಸೇರಿಸಿದಳು. ಹನ್ನೊಂದನೆಯ ದಿನ ಮೆಸೇಜು ಬಂತು. ಮರಾಠಿಯಲ್ಲಿತ್ತು. ನೀವು ಬೆಳಗಾವಿಯ ಹಾಸ್ಟೆಲಿನಲ್ಲಿದ್ದವರಾ, ನಮ್ಮ ಅತ್ತೆ ನಿಮ್ಮನ್ನು ಭಾಳ ಹುಡುಕಿದರು, ನಿಮ್ಮ ನಂಬರು ಕೊಡಿ.

'ಹುಡುಕಿದರು' ಎಂಬುದನ್ನು ನಾನು ಎರಡು ಸಲ ಓದಿದೆ. 'ಹುಡುಕುತ್ತಿದ್ದಾರೆ' ಎಂದಿರಲಿಲ್ಲ.

ಅವಳು ತೀರಿಕೊಂಡು ಎರಡೂವರೆ ತಿಂಗಳಾಗಿತ್ತು. ನನ್ನ ಪ್ರೊಫೈಲು ಆಗ ಇತ್ತು. ಹೋಳಿಗೆ, ಕ್ರಾಸ್‌ವರ್ಡು, ಕಾಫಿ ಲೋಟದ ಸಮೇತ ಆರು ತಿಂಗಳಿಂದ ಇತ್ತು.

ಅವಳ ಸೊಸೆ ಫೋನಿನಲ್ಲಿ ನನ್ನನ್ನು ಮಾವಶಿ ಎಂದು ಕರೆದಳು, ತಾಯಿಯ ಅಕ್ಕತಂಗಿಯರನ್ನು ಕರೆಯುವ ಹಾಗೆ. ಅತ್ತೆಯನ್ನು ಆಯಿ ಎನ್ನುತ್ತಿದ್ದಳು. ಮಾತಾಡಿದ್ದೆಲ್ಲ ಮರಾಠಿಯಲ್ಲಿ, ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಭಾನುವಾರ ಊಟ ಆತಂದ್ರ ಆಯಿ ಫೋನ್ ತಂದು ನನ್ನ ಮುಂದ ಇಡ್ತಿದ್ರು ಮಾವಶಿ. 'ಆ ಹೆಸರು ಹಾಕಿ ನೋಡವ್ವಾ ಒಮ್ಮೆ' ಅಂತ. ನಾ ಮದುವಿ ಆಗಿ ಬಂದಾಗಿಂದ, ಆರು ವರ್ಷ. ಆಯಿ ಹೋದಮ್ಯಾಲ ಭಾನುವಾರ ಬಂದ್ರ ನನಗೂ ಸುಮ್ನ ಕೂಡಾಕ ಆಗವಲ್ದು. ಹಂಗ ಹಾಕಿ ನೋಡಿದೆ. ನೀವು ಬಂದ್ರಿ."

ಭೋರ್ ಇಲ್ಲಿಂದ ಗಾಡಿಯಲ್ಲಿ ಎರಡು ತಾಸು. ಅವಳು ತವರೂರಿನಲ್ಲೇ ಮದುವೆಯಾಗಿ ಅಲ್ಲೇ ಇದ್ದಳು. ನಾನು ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ.

"ಆಯಿ ಇನ್ನೊಂದ್ ಮಾತು ಹೇಳ್ತಿದ್ರು," ಎಂದಳು ಸೊಸೆ. "ಮೂರು ಕಾಗದ ಬರದಿದ್ರಂತ. ಮೂರೂ ವಾಪಸ್ ಬಂದ್ವಂತ, ಈ ಹೆಸರಿನವ್ರು ಇಲ್ಲ ಅಂತ ಬರಕೊಂಡು. ಇನ್ನೂ ಇಟ್ಟಾರ. ಪೋಸ್ಟ್‌ಮನ್ ಎಡವಟ್ಟು ಮಾಡ್ಯಾನ ಅಂತಿದ್ರು, ನಮ್ಮಾಕಿ ಹಂಗ ಮಾಡಾಕಿ ಅಲ್ಲ ಅಂತಿದ್ರು. ಹೌದೇನ್ರಿ ಮಾವಶಿ? ಪೋಸ್ಟ್‌ಮನ್‌ಂದ ತಪ್ಪೇನು?"

ಐವತ್ತು ವರ್ಷ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಕೇಳಬೇಕಾದವಳು ಕೇಳಲಿಲ್ಲ ಅಷ್ಟೇ. ಮೊಮ್ಮಗಳು ಎದುರಿಗೆ ಕೂತಿದ್ದಳು. ಫೋನು ಸ್ಪೀಕರಿನಲ್ಲಿತ್ತು.

"ಹೌದವ್ವಾ," ಎಂದೆ. "ಪೋಸ್ಟ್‌ಮನ್‌ಂದ ತಪ್ಪು."

ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡ ಆ ಮನುಷ್ಯ ನನ್ನನ್ನು ಎರಡನೆಯ ಸಲ ಕೇಳಿದ್ದ. ಕೇಳಬೇಕಾದ ಅಗತ್ಯವಿರಲಿಲ್ಲ, ಆದರೂ ಕೇಳಿದ್ದ. ಅವನ ಮೇಲೆ ಹಾಕಿ ಫೋನಿಟ್ಟೆ.

ಅಂದು ಸಂಜೆ ಸೊಸೆ ಗೆಳತಿಯ ಪ್ರೊಫೈಲು ಕಳಿಸಿದಳು. ನನಗೆ ಗೊತ್ತಿಲ್ಲದ ಹೆಸರು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಮುದುಕಿ, ದಪ್ಪ ಕನ್ನಡಕ. ದಾರಿಯಲ್ಲಿ ಎದುರಾಗಿದ್ದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದೆ. ಬಯೋ ಇಂಗ್ಲಿಷಿನಲ್ಲಿತ್ತು. ಮೊದಲಿಗೆ ನನ್ನ ಹಳೆಯ ಹೆಸರು, ತವರಿನ ಅಡ್ಡಹೆಸರಿನ ಸಹಿತ. ಬೆಳಗಾವಿ ಹಾಸ್ಟೆಲು. ಅದರ ಮುಂದೆ: ಇಫ್ ಯು ನೋ ಹರ್, ಪ್ಲೀಸ್ ಟೆಲ್ ಹರ್ ಐ ಆಮ್ ಇನ್ ಭೋರ್.

ಮೊಮ್ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. "ಏನಜ್ಜಿ ಇದು, ತನ್ನ ಬಗ್ಗೆ ಒಂದ್ ಅಕ್ಷರನೂ ಬರಕೊಂಡಿಲ್ಲ," ಎಂದಳು. ಆಮೇಲೆ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಭೋರಿಗೆ ಬನ್ನಿ, ಆ ಕಾಗದಗಳು ನಿಮ್ಮವೇ, ಒಯ್ಯಿರಿ ಎಂದು ಸೊಸೆ ಈಗಲೂ ಬರೆಯುತ್ತಾಳೆ. ಮೊಣಕಾಲು ನೋವು ಎಂದು ಉತ್ತರಿಸುತ್ತೇನೆ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಇನ್ನೂ ಕಾಣುತ್ತಿರಬಹುದು. ಅದನ್ನು ಆ ಮನೆಯವರ ಎದುರು ಕೈಯಲ್ಲಿ ಹಿಡಿಯುವ ಶಕ್ತಿ ನನಗಿಲ್ಲ.

ಮೊನ್ನೆ ನಾನೇ ಕೂತು, ಒಂದೇ ಬೆರಳಿನಿಂದ, ಬಯೋ ಅಳಿಸಿ ಬೇರೆ ಬರೆದೆ. ಹೋಳಿಗೆ ಹೋಯಿತು, ಕ್ರಾಸ್‌ವರ್ಡ್ ಹೋಯಿತು, ಕಾಫಿ ಲೋಟ ಹೋಯಿತು. 'ಆ ಹೆಸರಿನವಳು ಮನೆಯಲ್ಲೇ ಇದ್ದೆ. ಪೋಸ್ಟ್‌ಮನ್ ಕೇಳಿದ್ದ. ಇಲ್ಲ ಅಂದವಳು ನಾನು.'

ಮೊಮ್ಮಗಳು ಫೋನು ತೆಗೆದುಕೊಂಡು ಓದಿದಳು.

"ಅಜ್ಜಿ, ಇದು ಓದಿ ಯಾರಿಗೂ ಏನೂ ತಿಳಿಯಂಗಿಲ್ಲ."

"ಹೌದು," ಎಂದೆ. "ತಿಳಿಯಾಕಿ ಈಗಿಲ್ಲ."

ಸೇವ್ ಒತ್ತುವುದು ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಅವಳೇ ಒತ್ತಿದಳು.