ಮಗಳು ಎದ್ದುಹೋಗದ ಸಿನಿಮಾ

ಟಿವಿಯ ಹಿಂದಿನ ಸಣ್ಣ ಪೆಟ್ಟಿಗೆ ಬಿಸಿಯೇರಿದಾಗ ಕಾದ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ. ಹೆಂಡತಿ ಲವೀನಾಗೆ ಬೆಂಕಿಯ ಭಯ. ನನಗೆ ಹಸನ್ ಕಾಕನ ನೆನಪು. ಇಲ್ಲೇ, ಈ ಕೊಲ್ಲಿ ದೇಶದ ಮನಾಮ ನಗರದ ಓಣಿಯೊಂದರಲ್ಲಿ ಅವರ ವಿಡಿಯೊ ಕ್ಯಾಸೆಟ್ ಅಂಗಡಿಯಿತ್ತು, ಅಲ್ಲೂ ಇದೇ ವಾಸನೆ. ನಾನಾಗ ಸಿತ್ರಾದ ಕಾರ್ಖಾನೆಗೆ ಹೊಸಬ. ಒಂದು ರೂಮಿನಲ್ಲಿ ಆರು ಜನ, ವಾರಕ್ಕೊಂದು ಸಿನಿಮಾ.

ಒಳ್ಳೆಯ ಸಿನಿಮಾ ಕೊಡಿ ಎಂದರೆ ಕಾಕ ಕೊಡುತ್ತಿರಲಿಲ್ಲ. "ಒಳ್ಳೇದು ಇಡೀ ಕಪಾಟು ಉಂಟು ಮಾರಾಯ. ನೋಡುವವರು ಯಾರು, ಅದು ಹೇಳು. ಯಾರದ್ದಾದ್ರೂ ರಜೆ ಕ್ಯಾನ್ಸಲ್ ಆಗಿದೆಯಾ?" ಆಗಿದ್ದರೆ, ತಾಯಿ ಬಾಗಿಲಲ್ಲಿ ಕಾಯುವ ಸಿನಿಮಾ ಆ ವಾರ ನಮ್ಮ ರೂಮಿಗಿಲ್ಲ. ಒಮ್ಮೆ ಕಾಕ ಗೊತ್ತಿಲ್ಲದೆ ಅಂಥದ್ದನ್ನು ಕೊಟ್ಟಿದ್ದಕ್ಕೆ, ರಜೆ ತಪ್ಪಿದ ಡ್ರೈವರೊಬ್ಬ ಎರಡು ದಿನ ಊಟ ಬಿಟ್ಟಿದ್ದನಂತೆ. ಅಂದಿನಿಂದ ಈ ವಿಚಾರಣೆ. ನಾವು ಮುದುಕನ ಅಧಿಕಪ್ರಸಂಗ ಎಂದು ನಗುತ್ತಿದ್ದೆವು.

ಇದು ಈಗ ಯಾಕೆ ನೆನಪಾಯಿತೆಂದರೆ, ಮಗಳು ರಿಯಾ ನನಗೆ ಕೊನೆಯ ಅವಕಾಶ ಕೊಟ್ಟಿದ್ದಾಳೆ. ಹದಿನಾಲ್ಕು ವರ್ಷ, ಕನ್ನಡ ಅರ್ಧ ಅರ್ಥವಾಗುತ್ತದೆ, ಕಾಲುಭಾಗ ಬಾಯಿಗೆ ಬರುತ್ತದೆ. ಶುಕ್ರವಾರ ಊಟವಾದ ಮೇಲೆ ಮೂವರೂ ಕೂತು ಒಂದು ಕನ್ನಡ ಸಿನಿಮಾ ನೋಡಬೇಕೆಂಬುದು ನನ್ನ ಹಟ. ಉಳಿದಂತೆ ಅವಳ ಕೋಣೆಯ ಬಾಗಿಲು ತೆರೆಯುವುದೇ ಕಡಿಮೆ. ಮೂರು ವಾರ ಫೋನಿನ ಎಐಯನ್ನು ಕೇಳಿದೆ: ಅತ್ಯುತ್ತಮ ಕನ್ನಡ ಸಿನಿಮಾ ದಯವಿಟ್ಟು ತಿಳಿಸಿ. ಯಂತ್ರಕ್ಕೂ 'ದಯವಿಟ್ಟು'! ಅಜ್ಜ ಕಲಿಸಿದ ಮಾತು, ನಾಲಿಗೆ ಬಿಡುವುದಿಲ್ಲ. ಅದು ಪ್ರಶಸ್ತಿ ಪಡೆದವುಗಳ ಪಟ್ಟಿ ಕೊಟ್ಟಿತು. ಮೂರು ವಾರವೂ ರಿಯಾ ಅರ್ಧಕ್ಕೇ ಎದ್ದಳು.

"ಡ್ಯಾಡಿ, ಇದ್ರಲ್ಲಿ ಎಲ್ಲರೂ ಅಡ್ವೈಸ್ ಮಾಡ್ತಾರೆ. ಒನ್ ಲಾಸ್ಟ್ ಚಾನ್ಸ್. ಆಮೇಲೆ ನನ್ನನ್ನು ಕರೀಬೇಡಿ."

ನಾನು ಬಿಡುವವನಲ್ಲ. ನಿನ್ನೆ ಕಂಪನಿ ಬಸ್ಸಿನಲ್ಲಿ ಎಐಗೆ ಬೆರಳು ನೋಯುವಷ್ಟು ಟೈಪ್ ಮಾಡಿದೆ, ಕಾಕನಿಗೆ ವರದಿ ಒಪ್ಪಿಸುವಂತೆ. ನೋಡುವವರು ಮೂವರು: ಒಬ್ಬ ಶಿಫ್ಟ್ ಮುಗಿಸಿ ಬಂದವ, ಹೆಂಡತಿ ನರ್ಸ್, ಆಸ್ಪತ್ರೆಯ ದೃಶ್ಯ ಬೇಡ. ಒಬ್ಬಳು ಮಗಳು, ಬುದ್ಧಿ ಹೇಳಿದರೆ ಎದ್ದುಹೋಗುತ್ತಾಳೆ. ಅದು ತಿರುಗಿ ಕೇಳಿತು: "ನಿಮ್ಮ ಮಗಳು ಕೊನೆಯವರೆಗೂ ಕೂತು ನೋಡಿದ ಸಿನಿಮಾ ಯಾವುದು?"

ಬಸ್ಸು ಟುಬ್ಲಿ ದಾಟಿತು. ಊಟ ಬಿಟ್ಟ ಡ್ರೈವರನ ಸಂಗತಿ ಕಾಕನಿಗೆ ಗೊತ್ತಿತ್ತು. ನನಗೆ ನನ್ನ ಮಗಳದ್ದು ಗೊತ್ತಿರಲಿಲ್ಲ.

ಮನೆಗೆ ಬಂದವನೇ ಅವಳ ಬಾಗಿಲು ತಟ್ಟಿ ಕೇಳಿದೆ. ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಅರ್ಧ ಗಂಟೆ ಮಾತು ನಿಲ್ಲಲೇ ಇಲ್ಲ: ಆ ಸಿನಿಮಾದಲ್ಲಿ ಅಕ್ಕ ತಂಗಿ ಹಳೆಯ ವ್ಯಾನಿನಲ್ಲಿ ದಾರಿ ತಪ್ಪುತ್ತಾರೆ, ಜಗಳವಾಡುತ್ತಾರೆ, ಯಾರೂ ಯಾರನ್ನೂ ತಿದ್ದುವುದಿಲ್ಲ.

"ಇಷ್ಟು ದಿನ ಹೇಳಲಿಲ್ಲ ಎಂತಕ್ಕೆ?"

"ನೀವು ಕೇಳಿದ್ರಾ?"

ಅಷ್ಟನ್ನೂ ಎಐಗೆ ಒಪ್ಪಿಸಿದೆ. ಮೂರು ಹೆಸರು ಕೊಟ್ಟಿತು. ಮೊದಲನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಗದರಿದರೆ, ಅಂಥ ಸಿನಿಮಾ ಇಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಅಂಗಡಿಯಲ್ಲಿಲ್ಲದ ಕ್ಯಾಸೆಟ್ಟನ್ನು ಕಾಕ ಎಂದೂ ಹೊಗಳಿದವರಲ್ಲ! ಎರಡನೆಯದು ಸಿಕ್ಕಿತು.

ಈಗ ಅದೇ ಓಡುತ್ತಿದೆ. ಮುಕ್ಕಾಲು ಗಂಟೆಯಾಯಿತು. ರಿಯಾ ಎದ್ದಳು. ಲವೀನಾ ಬೇಕೆಂದೇ ನನ್ನ ಕಡೆ ನೋಡಲಿಲ್ಲ.

"ಪಾಜ್ ಮಾಡಿ ಡ್ಯಾಡಿ," ಎಂದಳು ಅಡುಗೆಮನೆಯ ಬಾಗಿಲಿಂದ. "ನೀರು ಕುಡಿದು ಬರ್ತೇನೆ. ನಾನಿಲ್ಲದೆ ಮುಂದೆ ಹೋಗ್ಬೇಡಿ."