ಗುತ್ಯಪ್ಪನ ಬಿಲ್ಲೆ

ದೆವ್ವ, ಪೀಡೆ, ಗಾಳಿ ಸೋಕಿದ್ದು ಅಂತ ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದ ಆಸಾಮಿ ನಾನು. ದಿನಾ ಕರೆಂಟಿನ ಜೊತೆ ಏಗುವವರಿಗೆ ಬೇರೆ ದೆವ್ವ ಯಾಕೆ ಬೇಕು ಎಂದು ಗೇಲಿ ಮಾಡುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಅರವತ್ತರ ದಶಕದಲ್ಲಿ, ಸಾಗರದಲ್ಲಿ, ಒಂದು ಸಂಜೆ ನನ್ನ ಕಣ್ಣೆದುರೇ ನಡೆದದ್ದನ್ನು ಸುಳ್ಳೆನ್ನಲೂ ಆಗುವುದಿಲ್ಲ. ಮೊನ್ನೆ ನಮ್ಮ ಹಳೆಯ ಕಾರ್ಮಿಕ ಕೂಟದ ಕಡತಗಳನ್ನು ಜೋಪಾನ ಮಾಡಿಡಲು ಬಂದ ಹುಡುಗಿಯೊಬ್ಬಳು ನಡಾವಳಿ ಪುಸ್ತಕ ತೆರೆದು, "ಸಾರ್, ಈ ಠರಾವು ಅರ್ಧಕ್ಕೇ ನಿಂತಿದೆಯಲ್ಲ, ಯಾಕೆ?" ಎಂದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಲೈನ್‌ಮ್ಯಾನ್‌ಗಳು, ಮೀಟರ್ ಓದುವವರು, ನೀರು ಬಿಡುವವರು ಸೇರಿ ಕಟ್ಟಿದ ಕೂಟ ಅದು. ನಾನು ಕಾರ್ಯದರ್ಶಿ. ಸಾಗರದ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ, ಅದರಲ್ಲೊಂದು ಟ್ರಂಕು, ಟ್ರಂಕಿನ ತುಂಬ ಅರ್ಜಿ, ಮನವಿ, ಠರಾವು. ಮುಷ್ಕರದ ಕಾಲದಲ್ಲಿ ಹೊಟ್ಟೆಗಿಲ್ಲದೆ ಕೂತು ಬರೆದ ಕಾಗದಗಳು ಸ್ವಾಮಿ ಅವು! ನಮ್ಮ ಅಧ್ಯಕ್ಷರು ಅವುಗಳಲ್ಲೊಂದನ್ನು ಹರಿದು ಬೋಂಡದ ಎಣ್ಣೆ ಒರೆಸಿಕೊಳ್ಳುತ್ತಿದ್ದರು. ಎದ್ದು ಹೊರಗೆ ಹೋಗಲು ಸೋಮಾರಿತನವಾಗಿ ಟ್ರಂಕಿನ ಸಂದಿಗೇ ಎಲೆಯಡಿಕೆಯ ಕವಳ ಉಗಿಯುತ್ತಿದ್ದರು. ಥೂ! ಆ ಕೆಂಪು ಕಲೆ ಕಡತಗಳ ಅಂಚಿನಲ್ಲಿ ಇವತ್ತಿಗೂ ಇದೆ.

ಲೈನ್‌ಮ್ಯಾನ್‌ಗಳಲ್ಲಿ ಒಂದು ಕಟ್ಟಳೆಯಿತ್ತು. ಕಂಬ ಹತ್ತುವ ಮೊದಲು ಲೈನ್ ಆಫ್ ಮಾಡಿಸಿ, ತನ್ನ ಹೆಸರು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಆ ಸ್ವಿಚ್ಚಿನ ಹಿಡಿಗೆ ನೇತುಹಾಕಬೇಕು. ಕೆಲಸ ಮುಗಿಸಿ ಇಳಿದು ಬಂದು ಅವನೇ ಅದನ್ನು ತೆಗೆಯಬೇಕು. ಬೇರೆ ಯಾರೂ, ಎಂಜಿನಿಯರೇ ಆಗಿರಲಿ, ಮುಟ್ಟಕೂಡದು. ತೀರ್ಥಹಳ್ಳಿಯ ಗುತ್ಯಪ್ಪ ಬಿಲ್ಲೆ ಹಾಕಿಯೇ ಹತ್ತಿದ್ದ. ಟೆಂಟ್ ಸಿನೆಮಾದವರು ಆಟಕ್ಕೆ ಹೊತ್ತಾಯಿತೆಂದು ಗಲಾಟೆ ಮಾಡಿದ್ದಕ್ಕೆ ಸಬ್‌ಸ್ಟೇಷನ್ನಿನ ಆಪರೇಟರ್ ಬಿಲ್ಲೆ ಕಿತ್ತು ಬಿಸಾಕಿ ಲೈನ್ ಹಾಕಿಬಿಟ್ಟ. ಗುತ್ಯಪ್ಪ ಕಂಬದ ಮೇಲೇ ಸತ್ತ. ಹೆಣ ಇಳಿಸಿದ ಮೇಲೆ ಸಿನೆಮಾ ಆಟವೂ ನಡೆಯಿತು. ಆ ಆಪರೇಟರ್ ನಮ್ಮ ಅಧ್ಯಕ್ಷರ ಬಾಮೈದ.

ಬಿಲ್ಲೆಯನ್ನು ಗುತ್ಯಪ್ಪನ ಎದೆಯ ಮೇಲಿಟ್ಟೇ ಸುಟ್ಟೆವು. ಬೂದಿಯಲ್ಲಿ ಅದು ಕಪ್ಪಾಗಿ, ಒಂದು ಅಂಚು ಸೊಟ್ಟಗಾಗಿ ಸಿಕ್ಕಿತು. ಅಸ್ಥಿಯ ಜೊತೆ ಅದನ್ನೂ ತುಂಗೆಯ ನಡುನೀರಿಗೆ ಬಿಟ್ಟವನು ನಾನೇ, ಇದೇ ಕೈಯಲ್ಲಿ.

ಗುತ್ಯಪ್ಪನ ತಪ್ಪಿಲ್ಲವೆಂದು ಕೂಟ ಠರಾವು ಮಾಡಿದರೆ ಅವನ ಹೆಂಡತಿ ಹೂವಮ್ಮನಿಗೆ ಕರೆಂಟ್ ಕಚೇರಿಯಲ್ಲಿ ಕೆಲಸ, ಇರಲೊಂದು ಸೂರು. ತಪ್ಪು ಅವನದೇ ಎಂದರೆ ಬೀದಿಯೇ ಗತಿ. ಆ ಸಂಜೆ ಅವಳು ಬಂದು ಬೀದಿ ಬದಿಯ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗಿದ್ದವರು ಅಧ್ಯಕ್ಷರು, ನಾನು, ಇಬ್ಬರೇ.

"ಬರೀರಿ ಸೆಕ್ರೆಟ್ರಿ, ಕುಡ್ದು ಹತ್ತಿದ್ದ, ಬಿಲ್ಲೆ ಹಾಕಿರ್ಲಿಲ್ಲ ಅಂತ. ಸತ್ತೋನಿಗೆ ಏನಾಗ್ಬೇಕು? ಬದ್ಕಿರೋ ಹುಡುಗನ ಕೆಲ್ಸ ಉಳೀಲಿ" ಎಂದರು ಅಧ್ಯಕ್ಷರು, ಕವಳ ಜಗಿಯುತ್ತಲೇ.

ಗುತ್ಯಪ್ಪ ಹೆಂಡ ಮೂಸಿಯೂ ನೋಡಿದವನಲ್ಲ. "ಇಂಥ ಹೇಸಿಗೆ ಕೆಲ್ಸ ನನ್ ಕೈಲಾಗಲ್ಲ. ಬೇಕಾದ್ರೆ ನೀವೇ ಬರ್ಕೊಳ್ಳಿ" ಎಂದೆ. ಅವರು ಪುಸ್ತಕ ಎಳೆದುಕೊಂಡು ಜಿಡ್ಡುಗೈಯಲ್ಲೇ ಶುರು ಮಾಡಿದರು. "ಗುತ್ಯಪ್ಪನು ಬಿಲ್ಲೆ ಹಾಕದೆ" ಎನ್ನುವಷ್ಟರಲ್ಲಿ ದೀಪ ಹೋಯಿತು.

ಎದುರಿನ ಹೋಟೆಲ್ಲಿನಲ್ಲಿ ದೀಪ ಉರಿಯುತ್ತಿತ್ತು, ಬೀದಿಯಲ್ಲೂ ಉರಿಯುತ್ತಿತ್ತು. ಆರಿದ್ದು ನಮ್ಮ ಕೋಣೆಯದು ಮಾತ್ರ. ಮೇನ್ ಸ್ವಿಚ್ಚು ಹೊರಗೆ ಜಗಲಿಯ ಗೋಡೆಯಲ್ಲಿತ್ತು. ಇಬ್ಬರೂ ಹೊರಗೆ ಬಂದು ಬೆಂಕಿಕಡ್ಡಿ ಗೀರಿದೆವು. ಯಾರೋ ಹಿಡಿ ಕೆಳಗೆ ಎಳೆದು ಆಫ್ ಮಾಡಿದ್ದರು. ಹಿಡಿಗೆ ಒಂದು ಬಿಲ್ಲೆ ನೇತಾಡುತ್ತಿತ್ತು. ಕಪ್ಪು ಬಿಲ್ಲೆ, ಸೊಟ್ಟ ಅಂಚು, ಗುತ್ಯಪ್ಪನ ಹೆಸರು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೂವಮ್ಮಾ, ಇಲ್ಲಿಗೆ ಯಾರು ಬಂದಿದ್ರು?" ಎಂದೆ.

"ಯಾರೂ ಬರ್ಲಿಲ್ವಲ್ಲ ಅಣ್ಣಾ" ಎಂದಳು. ಅವಳೇ ಹಾಕಿದಳೆನ್ನೋಣವೆಂದರೆ, ತೆರೆದ ಬಾಗಿಲಿನಿಂದ ಅವಳು ನನಗೆ ಅಷ್ಟು ಹೊತ್ತೂ ಕಾಣುತ್ತಲೇ ಇದ್ದಳು. ಕೂತಲ್ಲಿಂದ ಎದ್ದಿರಲಿಲ್ಲ.

"ತೆಗೀರಿ ಅದ್ನ" ಎಂದರು ಅಧ್ಯಕ್ಷರು. ನಾನು ಕೈ ಎತ್ತಲಿಲ್ಲ. ಬೈಯುತ್ತ ತಾವೇ ಕೈ ಚಾಚಿದರು. ಆಗ ಹೂವಮ್ಮ ಎದ್ದು ಹತ್ತಿರ ಬಂದಳು. ಬಿಲ್ಲೆ ನೋಡಿದಳು.

"ಮುಟ್ಬೇಡಿ. ನಮ್ಮನೆಯೋರು ಇನ್ನೂ ಇಳ್ದಿಲ್ಲ" ಎಂದಳು.

ಅಧ್ಯಕ್ಷರು ಚಪ್ಪಲಿ ಕೂಡ ಮೆಟ್ಟದೆ ಇಳಿದು ಹೋದವರು ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಮುಂದಿನ ಸಭೆಯಲ್ಲಿ ಗುತ್ಯಪ್ಪನ ತಪ್ಪಿಲ್ಲವೆಂದು ಎಲ್ಲರೂ ಒಪ್ಪಿ ಬರೆದೆವು, ಹೂವಮ್ಮನಿಗೆ ಕೆಲಸ ಸಿಕ್ಕಿತು. ಬಾಮೈದನ ಕೂದಲೂ ಕೊಂಕಲಿಲ್ಲ. ಬಡ್ತಿ ಪಡೆದು ಆರಾಮಾಗಿಯೇ ಇದ್ದ.

ನೀರಿಗೆ ಬಿಟ್ಟದ್ದು ಮತ್ತೆ ಹೇಗೆ ಬಂತು? ನಾನು ತಲೆ ಕೆಡಿಸಿಕೊಂಡದ್ದಷ್ಟೇ ಬಂತು, ಗೊತ್ತಾಗಲಿಲ್ಲ. ಬಿಲ್ಲೆ ಅಲ್ಲೇ ನೇತಾಡುತ್ತಿತ್ತು. ತೆಗೆಯಬೇಕಾದವನು ಬರಲಿಲ್ಲ, ಬೇರೆಯವರಿಗೆ ಧೈರ್ಯ ಬರಲಿಲ್ಲ. ಕೋಣೆ ಖಾಲಿ ಮಾಡುವವರೆಗೂ, ಮೂರು ತಾಲ್ಲೂಕಿಗೆ ದೀಪ ಕೊಡುವ ನಾವು ಲಾಟೀನು ಹಚ್ಚಿಟ್ಟುಕೊಂಡೇ ಸಭೆ ನಡೆಸಿದೆವು.